ತಲೆವಸ್ತ್ರಕ್ಕೆ ಹಾರಿದ ಜನರಲ್

ನನ್ನ ತಮ್ಮ ಚಾರ್ಯಾರ್ ಜನರಲ್ ಆದದ್ದು ಕಾಲಿನ ಬಲದಿಂದ, ತಲೆಯಿಂದಲ್ಲ. ಇದನ್ನು ಅವನ ಎದುರಿಗೇ ಹೇಳುತ್ತೇನೆ, ನನಗೇನು ಹೆದರಿಕೆ? ಅವನ ಮೂಗು ಒರೆಸಿ ಬೆಳೆಸಿದವಳು ನಾನು. ನಮ್ಮೂರು ತೆಜೆನ್ ಕಡೆ ಮದುವೆಯಲ್ಲಿ ಎತ್ತರದ ಗಳಕ್ಕೆ ರೇಷ್ಮೆಯ ತಲೆವಸ್ತ್ರ ಕಟ್ಟುತ್ತಾರೆ. ಓಡಿ ಬಂದು ಹಾರಿ ಕಿತ್ತುಕೊಂಡವನಿಗೆ ಅದು. ಮೀಸೆ ಚಿಗುರುವ ವಯಸ್ಸಿನಲ್ಲಿ ಚಾರ್ಯಾರ್ ಹಾಗೆ ಹಾರಿದ್ದನ್ನು ಕಂಡ ಕರ್ನಲ್ ಒಬ್ಬ, ಬಾಯಲ್ಲಿದ್ದ ಕರಬೂಜವನ್ನು ನುಂಗುವ ಮೊದಲೇ, ಇವನನ್ನು ಸೈನ್ಯಕ್ಕೆ ಕೊಡಿ ಎಂದ. ಅಪ್ಪ ಕೊಟ್ಟೇಬಿಟ್ಟ.

ಆಮೇಲೆ ಕೇಳಬೇಕೆ! ಗಡಿ ಕಾವಲಿನಲ್ಲಿ ಲೆಫ್ಟಿನೆಂಟ್, ಮೇಜರ್. ಅಲ್ಲಿಂದ ಭದ್ರತಾ ಇಲಾಖೆ. ಆ ಇಲಾಖೆಯ ಹೆಸರನ್ನು ನಮ್ಮಮ್ಮ ಸ್ವಂತ ಒಲೆಯ ಮುಂದೆ ಕೂತೂ ಪಿಸುಗುಟ್ಟುತ್ತಿದ್ದಳು. ಹೆಗಲ ಮೇಲೆ ನಕ್ಷತ್ರ ಏರಿದಂತೆಲ್ಲ ಹೊಟ್ಟೆಯೂ ಮುಂದೆ ಬಂತು. ಜನರಲ್ ಆದ ವರ್ಷ ಊರ ಮನೆಯ ಗೇಟಿಗೆ ಸಿಪಾಯಿ ಬಂದು ನಿಂತ. ಅಂದಿನಿಂದ ನಮ್ಮ ಸಮಾರಂಭಗಳಿಗೆ ರಾಜಧಾನಿ ಅಶ್ಗಬಾತ್‌ನ ಬಿಳಿ ಕಾರಿನ ಅಧಿಕಾರಿಗಳು ಬಂದು ಗಡಿಯಾರ ನೋಡುತ್ತ ಉಂಡು ಹೋಗುತ್ತಿದ್ದರು. ಊರಿನವರು ಮಾತ್ರ ಇತ್ತ ತಲೆ ಹಾಕುತ್ತಿರಲಿಲ್ಲ. ಹೊಟ್ಟೆಕಿಚ್ಚು ಇವರಿಗೆ ಎಂದುಕೊಂಡೆವು.

ಮೊನ್ನೆ ಅವನ ಮಗನ ಮದುವೆ ಹತ್ತಿರ ಬಂದಾಗ, ಅಧ್ಯಕ್ಷರು ಟೀವಿಯಲ್ಲೇ ಚಾರ್ಯಾರನನ್ನು ಹುದ್ದೆಯಿಂದ ತೆಗೆದರು. ಕೆಲಸದಲ್ಲಿ ಲೋಪವಂತೆ. ಗೇಟಿನ ಸಿಪಾಯಿ ಕುರ್ಚಿ ಸಮೇತ ಹೊರಟುಹೋದ. ಬಿಳಿ ಕಾರಿನವರಿಗೆಲ್ಲ ಒಟ್ಟಿಗೇ ಜ್ವರ ಬಂತು. ಮದುವೆಯ ಮುನ್ನಾದಿನ ಚಾರ್ಯಾರ್ ಹಿತ್ತಿಲಲ್ಲಿ ಮುದುಡಿ ಕೂತು, ಖಾಲಿ ಅಂಗಳದಲ್ಲಿ ಮಗ ತಲೆ ತಗ್ಗಿಸಬೇಕಾಗುತ್ತದೆ, ನಿಲ್ಲಿಸಿಬಿಡೋಣ ಅಕ್ಕಾ ಎಂದ. ನಾನು ಬೈದೆ. ಕುರಿ ಕಡಿದಾಗಿದೆ, ಕ್ಯಾರೆಟ್ ಹೆಚ್ಚಿದ್ದಾಗಿದೆ, ಯಾರೂ ಬರದಿದ್ದರೆ ನಾನೊಬ್ಬಳೇ ತಿನ್ನುತ್ತೇನೆ ಎಂದೆ.

ಬೆಳಿಗ್ಗೆ ಪಲಾವಿನ ಘಮ ಗೇಟು ದಾಟಿದ್ದೇ ತಡ, ಕಾಲುವೆ ಕೆಲಸದ ಪಿರ್ಲಿ ಬಂದ. ಚಿಕ್ಕಂದಿನಲ್ಲಿ ಚಾರ್ಯಾರ್ ಜೊತೆಗೂಡಿ ಊರ ಕರಬೂಜವನ್ನೆಲ್ಲ ಕದ್ದವನು. ಅವನ ಹಿಂದೆ ಹೆಂಡತಿ, ಅತ್ತೆ, ಅತ್ತೆಯ ನೆರೆಮನೆಯವರು, ಅವರ ನಂಟರು. ಚಪ್ಪಲಿ ಬಿಡಲು ಜಾಗವಿಲ್ಲ! ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದಿರಿ ಎಂದು ನಾನು ಸೌಟು ಹಿಡಿದೇ ಕೇಳಿದೆ.

ಪಿರ್ಲಿ ನನ್ನನ್ನು ಬಿಟ್ಟು ಚಾರ್ಯಾರನನ್ನೇ ನೋಡಿದ.

"ನಿನ್ ಗೇಟಲ್ಲಿ ನನ್ ಹೆಸರು ಕೇಳ್ತಿದ್ರು ಕಣೋ. ನಿನ್ ಮನೇಲಿ ನಾನ್ಯಾರು ಅಂತ ನಾನೇ ಹೇಳ್ಬೇಕಾ?"

ತಮ್ಮ ಅವನನ್ನು ಬಿಗಿಯಾಗಿ ತಬ್ಬಿಕೊಂಡ. ಆಮೇಲೆ ಏನು ಹುಚ್ಚು ಹಿಡಿಯಿತೋ, ಕೋಟನ್ನೂ ಫೋನನ್ನೂ ನನ್ನ ಕೈಗೆ ತುರುಕಿ ತಲೆವಸ್ತ್ರದ ಗಳದತ್ತ ಹೊರಟ. ಅಷ್ಟು ದೊಡ್ಡ ಹೊಟ್ಟೆ ಹೊತ್ತು ಹಾರಿದ. ಬೆರಳಿಗೆ ಗಾಳಿಯಷ್ಟೇ ಸಿಕ್ಕಿತು. ಮತ್ತೆ ಹಾರಿದ, ಪ್ಯಾಂಟಿನ ಹೊಲಿಗೆ ಪರ್ರೆಂದು ಬಿಚ್ಚಿತು. ಮದುಮಗಳು ಮುಸುಕಿನೊಳಗೇ ಕಿಸಕ್ಕೆಂದಳು. ನಾವು ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದೆವು.

ಇನ್ನೊಮ್ಮೆ ಹಾರಲು ಅವನು ಹಿಂದೆ ಸರಿದು ನಿಂತಾಗ ಫೋನು ಹೊಡೆದುಕೊಂಡಿತು. ರಾಜಧಾನಿಯ ನಂಬರು ಎಂದು ಕೂಗಿದೆ. ತೆಗೆದವರು ಮತ್ತೆ ಕೂರಿಸುವುದೂ ಹೀಗೆ ದಿಢೀರನೆ ಎಂದು ಎಲ್ಲರಿಗೂ ಗೊತ್ತು. ಪಿರ್ಲಿ ಮೆಲ್ಲನೆ ಚಪ್ಪಲಿ ಹುಡುಕಿ ಒಂದನ್ನು ಮೆಟ್ಟಿಕೊಂಡ. ಚಾರ್ಯಾರ್ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ, ಪಿರ್ಲಿಯ ಕಾಲನ್ನು ನೋಡಿದ, ಗಳದತ್ತ ಓಡಿದ.

ನಾನೇ ಫೋನೆತ್ತಿದೆ. ಜನರಲ್ ಸಾಹೇಬರನ್ನು ಕರೆಯಿರಿ, ಹೊಸ ಹುದ್ದೆಯ ವಿಷಯ ಎಂದು ಒಂದು ಗಡಸು ದನಿ ಹೇಳಿತು.

"ಅವನೀಗ ನೆಲದ ಮೇಲಿಲ್ಲ ಸ್ವಾಮಿ, ಹಾರ್ತಿದಾನೆ" ಎಂದು ಇಟ್ಟುಬಿಟ್ಟೆ.

ವಸ್ತ್ರವನ್ನು ಹಿಡಿದುಕೊಂಡೇ ಅವನು ಪಿರ್ಲಿಯ ಮೇಲೆ ದೊಪ್ಪನೆ ಬಿದ್ದ. ಏದುಸಿರು ಬಿಡುತ್ತ ಎದ್ದು ಬಂದು ಆ ರೇಷ್ಮೆಯನ್ನು ನನ್ನ ತಲೆಗೆ ಕಟ್ಟಿದ. ಫೋನು ಯಾರದು ಎಂದು ಕೇಳಿದ.

"ಯಾರೋ ನಿನ್ ಹೆಸರು ಕೇಳ್ತಿದ್ರು ಕಣೋ" ಎಂದೆ.

ಪಿರ್ಲಿ ಮೆಟ್ಟಿಕೊಂಡಿದ್ದ ಆ ಒಂದು ಚಪ್ಪಲಿಯನ್ನೂ ಬಿಚ್ಚಿಟ್ಟು ಊಟಕ್ಕೆ ಕೂತ.