ಮಾಸ್ತರರ ಕೊನೆಯ ಅಳತೆ

ನಮ್ಮ ಬೀದಿಯ ದರ್ಜಿಯನ್ನು ಎಲ್ಲರೂ ‘ಅಳತೆ ಮಾಸ್ತರು’ ಎನ್ನುತ್ತಿದ್ದರು. ಅಂಗಡಿಯ ಬೋರ್ಡಿನಲ್ಲಿ ‘ಅಂತರರಾಷ್ಟ್ರೀಯ’ ಎಂದಿತ್ತು. ಎಂದೋ ಒಬ್ಬ ಪರದೇಶದವನು ಬಂದು ಕಿತ್ತುಹೋದ ಗುಂಡಿ ಹಾಕಿಸಿಕೊಂಡಿದ್ದನಂತೆ. ಕುತ್ತಿಗೆಗೆ ಟೇಪು ಇಳಿಬಿಟ್ಟುಕೊಂಡು ಅವರು ಹೊರಟರೆ, ಸ್ಟೆತಾಸ್ಕೋಪಿನ ದೊಡ್ಡ ಡಾಕ್ಟರೂ ದಾರಿ ಬಿಡಬೇಕು.

ತಾಯಿಯಿಲ್ಲದ ಒಬ್ಬಳೇ ಮಗಳು. ಅಪ್ಪನ ಪಕ್ಕದಲ್ಲಿ ಗುಂಡಿ ತೂತಿನ ಕಾಜಾ ಹೊಲಿಯುತ್ತಲೇ ಓದಿ, ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದಳು. ಮೊದಲ ಸಲದ ಅಂಕ ಸಾಲಲಿಲ್ಲ. ಎರಡನೇ ಸಲ ಸೀಟು ಸಿಗುವಷ್ಟು ಬಂತು. ಮಾಸ್ತರು ಅವತ್ತೇ ಬಿಳಿ ಕೋಟಿಗೆ ಬಟ್ಟೆ ಕತ್ತರಿಸಿದರು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು.

“ಇನ್ನೊಂದ್ಸಲ ಬರಿಯಮ್ಮ. ಮೂರು ಸಲ ಅಳೆದ್ರೇನೇ ಅಳತೆ.”

ಮೂರನೆಯದೇ ಕೊನೆಯ ಅವಕಾಶ. ಜ್ವರದಲ್ಲೇ ಬರೆದಳು, ಅಂಕ ಸೀಟಿಗೆ ಸಾಲದಷ್ಟು ಇಳಿಯಿತು. ಗಾಬರಿಯೇನಿರಲಿಲ್ಲ, ಮೂರರಲ್ಲಿ ಯಾವುದಾದರೂ ಒಂದರ ಅಂಕ ಕೊಟ್ಟರೆ ಕಾಲೇಜಿಗೆ ಸಾಕಿತ್ತು. ಅರ್ಜಿಯ ಕೊನೆಯ ದಿನ ಮಗಳು ಆಸ್ಪತ್ರೆ ಸೇರಿದ್ದ ಅಜ್ಜಿಯ ಹತ್ತಿರ ಇದ್ದಳು. ಮಾಸ್ತರೇ ಕಂಪ್ಯೂಟರ್ ಅಂಗಡಿಗೆ ಹೋದರು.

“ಮಾಸ್ತ್ರೇ, ಎರಡನೇದ್ರಲ್ಲೇ ಜಾಸ್ತಿ ಇದೆಯಲ್ಲ?” ಎಂದ ಅಂಗಡಿಯವನು.

“ಅದು ಹಳೇದಪ್ಪ. ಗಿರಾಕಿ ದಪ್ಪ ಆದ್ಮೇಲೆ ಹೋದ್ವರ್ಷದ ಅಳತೇಲಿ ಹೊಲಿದ್ರೆ ಮೋಸ ಅಲ್ವಾ? ಕೊನೇ ಅಳತೇನೇ ಸತ್ಯ. ನೀನು ಸುಮ್ನೆ ಬಟನ್ ಒತ್ತು.”

ಒತ್ತಿದ.

ಗೊತ್ತಾದಾಗ ಮಗಳು ಅಳಲಿಲ್ಲ. “ಹೆಚ್ಚಿರೋದನ್ನ ಹಾಕ್ಬಹುದಿತ್ತಪ್ಪ,” ಎಂದಳು, ಅಷ್ಟೇ. ಮಾಸ್ತರು ಟೇಪು ಕೂಡ ತೆಗೆಯದೆ ಕಾಲೇಜಿಗೆ ಓಡಿದರು. ಕಳಿಸಿದ ಮೇಲೆ ಬದಲಾಯಿಸುವಂತಿಲ್ಲ ಎಂದ ಕಿಟಕಿಯೊಳಗಿನ ಗುಮಾಸ್ತ.

“ಒಳಗಡೆ ಒಂಚೂರು ಬಟ್ಟೆ ಬಿಟ್ಟಿರ್ತೀರಲ್ಲ ಸಾರ್, ಬಿಚ್ಚಿ ದೊಡ್ಡದು ಮಾಡೋಕೆ?”

ಗುಮಾಸ್ತನಿಗೆ ಅರ್ಥವಾಗಲಿಲ್ಲ. “ಮುಂದಿನೋರು ಬನ್ನಿ,” ಎಂದ.

ಟೇಪು ಈಗ ಮಗಳ ಕುತ್ತಿಗೆಯಲ್ಲಿದೆ. ಕಾಜಾ ಹೊಲಿಯುವವರು ಮಾಸ್ತರು. ಕತ್ತರಿಸಿದ ಬಿಳಿ ಬಟ್ಟೆ ಮೇಲಿನ ಹಲಗೆಯಲ್ಲಿ ಮಡಿಸಿದ ಹಾಗೇ ಇದೆ. ಮೊನ್ನೆ ನನ್ನ ಸೊಂಟದ ಪ್ರಗತಿಗೆ ತಕ್ಕಂತೆ ಪ್ಯಾಂಟು ಸಡಿಲ ಮಾಡಿಸಲು ಹೋಗಿದ್ದೆ. ಅದೇ ಕಾಲೇಜು ಸೇರಿದ ಹುಡುಗಿಯೊಬ್ಬಳು ಕೋಟು ಹೊಲಿಸಲು ನಿಂತಿದ್ದಳು. ಮಗಳು ಭುಜ, ತೋಳು, ಉದ್ದ ಎಲ್ಲ ಅಳೆದಳು.

“ಇನ್ನೊಂದ್ಸಲ ಅಳೆಯಮ್ಮ,” ಎಂದರು ಮಾಸ್ತರು, ಅಭ್ಯಾಸಬಲ. ಎಂದವರೇ ಸೂಜಿ ಹಿಡಿದ ಕೈ ನಿಲ್ಲಿಸಿ ಕೂತುಬಿಟ್ಟರು.

“ಬೇಡಪ್ಪ. ಸರಿಯಾಗೇ ಇದೆ.”

ಟೇಪು ಸುತ್ತುತ್ತ ಆ ಹುಡುಗಿಯನ್ನು ಕೇಳಿದಳು: “ಜೇಬು ಸ್ವಲ್ಪ ಆಳ ಇಡ್ಲಾ? ಸ್ಟೆತಾಸ್ಕೋಪ್ ಹಿಡಿಸ್ಬೇಕಲ್ಲ.”