ನಾಲಿಗೆ ತೋರ್ಸಿ

ಮೈದಾಹಿಟ್ಟು ಕುದಿಯುವ ವಾಸನೆ ಬಂದರೆ ಸಾಕು, ರಾಜಾಜಿನಗರದ ಆ ಮನೆಯ ಮುಂಭಾಗದ ಕೋಣೆ ಈಗಲೂ ಕಣ್ಣೆದುರು ಬರುತ್ತದೆ. ಅಪ್ಪನನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಅವರು ಡಾಕ್ಟರು. ಆ ಕೋಣೆಯೇ ಅವರ ದವಾಖಾನೆ, ಇಡೀ ಬೀದಿ ಅದನ್ನು 'ಶಾಪು' ಎನ್ನುತ್ತಿತ್ತು. ಬೆಳಿಗ್ಗೆ ಕಾಫಿಗೆ ಹಾಲಿಡುವ ಮೊದಲೇ ಅಮ್ಮ ಸಣ್ಣ ಪಾತ್ರೆಯೊಂದರಲ್ಲಿ ಮೈದಾ ಅಂಟು ಕಾಯಿಸುತ್ತಿದ್ದಳು, ಜಿರಳೆ ಮುಟ್ಟದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ. ಕಾಂಪೌಂಡರ್ ನಂಜಪ್ಪ ಕಾಗದದ ಪಟ್ಟಿಗಳನ್ನು ಮಡಚಿ, ಅಂಚಿಗೆ ಕತ್ತರಿಯಲ್ಲಿ ಕಚ್ಚು ಹಾಕಿ, ಔಷಧದ ಬಾಟಲಿಗಳಿಗೆ ಅಂಟಿಸುತ್ತಿದ್ದ. ಒಂದು ಹೊತ್ತಿನ ಔಷಧಕ್ಕೆ ಒಂದು ಕಚ್ಚು. ಎಪ್ಪತ್ತೆರಡರಲ್ಲಿ ಅಣ್ಣ ಚುನಾವಣೆಗೆ ನಿಂತಾಗ ಗೋಡೆಗಳಿಗೆ ಪೋಸ್ಟರ್ ಹಚ್ಚಿದ್ದೂ ಅದೇ ಅಂಟಿನಿಂದ. ಪಾತ್ರೆಯ ಜಾಗಕ್ಕೆ ಹಂಡೆ ಬಂದಿತ್ತು, ಅಷ್ಟೇ.

ಗೆದ್ದು ಶಾಸಕರಾದ ಮೇಲೂ ಅಣ್ಣನ ಒಂದು ಅಭ್ಯಾಸ ಹೋಗಲಿಲ್ಲ. ಎದುರಿನ ಸ್ಟೂಲಿನ ಮೇಲೆ ಯಾರು ಕೂತರೂ ಮೊದಲ ಮಾತು "ನಾಲಿಗೆ ತೋರ್ಸಿ." ಕೊಳಾಯಿ ಹಾಕಿಸಿ ಎಂದು ಅತ್ತಿಗುಪ್ಪೆಯಿಂದ ಅರ್ಜಿ ಹಿಡಿದು ಬಂದವರಿಗೂ ಅದೇ, ವರ್ಗಾವಣೆ ಕೇಳಲು ಬಂದ ಮೇಷ್ಟರಿಗೂ ಅದೇ. ಅವರೂ ತಕರಾರಿಲ್ಲದೆ ನಾಲಿಗೆ ಚಾಚಿ, ಆಮೇಲೆ ಅರ್ಜಿ ಕೊಡುತ್ತಿದ್ದರು. ಒಮ್ಮೆ ಬೀದಿದೀಪ ಕೇಳಲು ಬಂದ ಅಜ್ಜಿಯೊಬ್ಬರು ನಾಲಿಗೆ ತೋರಿಸಿದ್ದನ್ನು ಕಂಡ ನಂಜಪ್ಪ ರೋಗಿಯೆಂದೇ ತಿಳಿದು ಗುಲಾಬಿ ಬಣ್ಣದ ಮಿಕ್ಸ್ಚರ್ ಕೊಟ್ಟು ಕಳಿಸಿಬಿಟ್ಟ. ವಾರದ ಮೇಲೆ ಅವರು ಮತ್ತೆ ಬಂದು, "ದೀಪ ಇನ್ನೂ ಬಂದಿಲ್ಲ ಕಣಪ್ಪ, ಎದೆಉರಿ ಮಾತ್ರ ಹೋಯ್ತು" ಎಂದಾಗ ಅಣ್ಣ ನಕ್ಕ ನಗು ಅಡುಗೆಮನೆಯವರೆಗೂ ಕೇಳಿತ್ತು. ದೀಪವನ್ನೂ ಹಾಕಿಸಿಕೊಟ್ಟರು.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಮನೆಗೆ ಬಂದ ನೆಂಟರು ಮಾತಿಗೆ ಮೊದಲು ಕಿಟಕಿ ಮುಚ್ಚುವುದನ್ನು ಕಲಿತರು. ಒಂದು ಬೆಳಿಗ್ಗೆ ಅಮ್ಮ ಶಾಪಿನ ಒಳಬಾಗಿಲಲ್ಲಿ ಕೂತು ನನಗೆ ಜಡೆ ಹಾಕುತ್ತಿದ್ದಾಗ ಬೀದಿಯಲ್ಲಿ ವ್ಯಾನೊಂದು ನಿಂತಿತು. ಅಣ್ಣನ ಪಕ್ಷದ ಮುಖಂಡರು ಒಳಗೆ ಬಂದರು. ಗಂಜಿ ಹಾಕಿದ ಅಂಗಿಯ ಮಡಿಕೆ ಎಂದೂ ಕದಲುತ್ತಿರಲಿಲ್ಲವಾದ್ದರಿಂದ ನಾನು ಅವರಿಗೆ 'ಇಸ್ತ್ರಿ ಮಾವ' ಎಂದು ಹೆಸರಿಟ್ಟಿದ್ದೆ. ಅವರ ಕೈಯಲ್ಲಿ, ವ್ಯಾನಿನಲ್ಲಿ ಕೂತಿದ್ದವರ ಹೆಸರುಗಳ ಉದ್ದ ಪಟ್ಟಿ. ಸಂತಾನಹರಣ ಶಿಬಿರಕ್ಕೆ ಇವರೆಲ್ಲ ತಾವಾಗಿಯೇ ಬಂದಿದ್ದಾರೆ, ಮಕ್ಕಳಿದ್ದಾರೆ, ಆರೋಗ್ಯವಾಗಿದ್ದಾರೆ ಎಂದು ಅಣ್ಣ ಸಹಿ ಹಾಕಬೇಕಿತ್ತು.

"ಒಂದೇ ಒಂದು ಸೈನ್ ಡಾಕ್ಟ್ರೇ. ನೀವು ಹಾಕಿದ್ರೆ ಜನ ನಂಬ್ತಾರೆ. ಮುಂದಿನ್ ಸಲ ಟಿಕೆಟ್ ನಿಮ್ದೇ, ಮಂತ್ರಿಗಿರೀನೂ ದೂರ ಇಲ್ಲ."

ಅಣ್ಣ ವ್ಯಾನಿನಿಂದ ಒಬ್ಬನನ್ನು ಕರೆಸಿದರು. ಗೋವಿಂದರಾಜನಗರದಲ್ಲಿ ಗಾರೆ ಕೆಲಸ ಮಾಡುವವನು. ನಾಲಿಗೆ ನೋಡಿದರು, ಕಣ್ಣರೆಪ್ಪೆ ಎಳೆದು ನೋಡಿದರು. ಕಾಮಾಲೆ. ಮಕ್ಕಳೆಷ್ಟು ಎಂದು ಕೇಳಿದರೆ ಅವನು, "ಮದ್ವೇನೇ ಆಗಿಲ್ಲ ಸ್ವಾಮಿ. ರೇಷನ್ ಕಾರ್ಡ್ ಕೊಡುಸ್ತೀವಿ ಅಂತ ಹತ್ತಿಸ್ಕೊಂಡ್ರು" ಎಂದ. ಅಣ್ಣ ಪೆನ್ನಿನ ಮುಚ್ಚಳ ಹಾಕಿದರು. ಇಸ್ತ್ರಿ ಮಾವ ಸ್ಟೂಲಿನ ಮೇಲೆ ಕೂತು, ದನಿ ತಗ್ಗಿಸಿ, "ಇದು ನಾನ್ ಹೇಳ್ತಿರೋದಲ್ಲ, ಮೇಲಿನಿಂದ ಬಂದಿರೋದು" ಎಂದರು.

"ನಾಲಿಗೆ ತೋರ್ಸಿ," ಎಂದರು ಅಣ್ಣ.

ಎಷ್ಟೋ ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತು ಔಷಧ ತೆಗೆದುಕೊಂಡು ಹೋಗುತ್ತಿದ್ದವರು. ಯೋಚಿಸುವ ಮೊದಲೇ ನಾಲಿಗೆ ಹೊರಗೆ ಬಂದುಬಿಟ್ಟಿತು. ಅಣ್ಣ ಟಾರ್ಚ್ ಹಾಕಿ ನಿಧಾನವಾಗಿ ನೋಡಿ, "ಅಜೀರ್ಣ ಆಗಿದೆ. ಮೇಲಿನಿಂದ ಬಂದಿದ್ದನ್ನೆಲ್ಲ ನುಂಗಬಾರ್ದು" ಎಂದರು. ಬೆಂಚಿನ ಮೇಲಿದ್ದ ರೋಗಿಗಳು ಕೆಮ್ಮುವ ನೆಪದಲ್ಲಿ ನಕ್ಕರು. ಆಮೇಲೆ ಅಣ್ಣ ಆ ಪಟ್ಟಿಯನ್ನು ನಂಜಪ್ಪನ ಕೈಗೆ ಕೊಟ್ಟು, "ಹಿಂದ್ಗಡೆ ಖಾಲಿ ಇದೆ ನೋಡು, ಬಾಟ್ಲಿಗೆ ಕಚ್ಚು ಹಾಕು" ಎಂದರು. ನಂಜಪ್ಪ ಒಮ್ಮೆ ಅಣ್ಣನ ಮುಖ ನೋಡಿ ಕತ್ತರಿ ತೆಗೆದುಕೊಂಡ. ಅಮ್ಮನ ಬೆರಳು ನನ್ನ ಜಡೆಯಲ್ಲೇ ನಿಂತಿತ್ತು. ಪಟ್ಟಿಯನ್ನು ಇಸ್ತ್ರಿ ಮಾವ ಇನ್ನೊಮ್ಮೆ ಬರೆಯಬಹುದಿತ್ತು, ಆದರೆ ಅಷ್ಟರಲ್ಲಿ ವ್ಯಾನಿನಲ್ಲಿದ್ದವರೆಲ್ಲ ಇಳಿದು ಹೋಗಿದ್ದರು.

ಟಿಕೆಟ್ ಸಿಗಲಿಲ್ಲ. ಎಪ್ಪತ್ತೆಂಟರಲ್ಲಿ ಅಣ್ಣ ಪಕ್ಷೇತರರಾಗಿ ನಿಂತರು. ಅಮ್ಮ ಮತ್ತೆ ಹಂಡೆಯಲ್ಲಿ ಅಂಟು ಕಾಯಿಸಿದಳು. ಕಾಮಾಲೆ ವಾಸಿಯಾದ ಆ ಗಾರೆ ಕೆಲಸದವನು ಏಣಿ ತಂದು ಪೋಸ್ಟರ್ ಹಚ್ಚಿದ. ಆದರೂ ಸೋತರು, ಅದೂ ಹೀನಾಯವಾಗಿ. ಅಮ್ಮ ಬಚ್ಚಲುಮನೆಗೆ ಹೋಗಿ ಅತ್ತಳು. ಮರುದಿನ ಎಂದಿನ ಹೊತ್ತಿಗೆ ಶಾಪು ತೆರೆಯಿತು.

ಆ ಮನೆ ಈಗಿಲ್ಲ. ಆ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ. ಅಣ್ಣ, ಅಮ್ಮ, ನಂಜಪ್ಪ ಯಾರೂ ಇಲ್ಲ. ನೆಂಟರ ಒಂದು ಮಾತು ಮಾತ್ರ ಗಟ್ಟಿಮುಟ್ಟಾಗಿ ಉಳಿದಿದೆ. ಮೊನ್ನೆ ವಿಜಯನಗರದ ಮದುವೆಯೊಂದರಲ್ಲಿ ಚಿಕ್ಕಪ್ಪ ಎಲ್ಲರೆದುರು ಅದನ್ನೇ ಹೇಳಿದರು: "ಒಂದು ಸೈನ್ ಹಾಕಿದ್ರೆ ನಿಮ್ಮಪ್ಪ ಮಂತ್ರಿ ಆಗ್ತಿದ್ರು ಕಣೇ. ಏನ್ ಸಿಕ್ತು ಅವರಿಗೆ?" ಇಷ್ಟು ವರ್ಷ ತಲೆ ತಗ್ಗಿಸಿ ಕೇಳಿಸಿಕೊಂಡದ್ದು ಸಾಕೆನಿಸಿತು. ಅರವತ್ತರ ಹೊಸ್ತಿಲಲ್ಲಿರುವ ನಾನು, ರೇಷ್ಮೆ ಸೀರೆ ಉಟ್ಟುಕೊಂಡು, ತುಂಬಿದ ಪಂಕ್ತಿಯಲ್ಲಿ ಅವರಿಗೆ ಪೂರ್ತಿ ನಾಲಿಗೆ ಚಾಚಿ ತೋರಿಸಿದೆ.

ಅಣ್ಣ ಇದ್ದಿದ್ದರೆ ಟಾರ್ಚ್ ಹಾಕಿ ನೋಡಿ, "ಚೆನ್ನಾಗಿದೆ. ಮುಂದಿನವ್ರು ಬನ್ನಿ" ಎನ್ನುತ್ತಿದ್ದರು.