ಗುರುತು ಮರೆಸಿಕೊಡುತ್ತೇನೆಂದವನು

ಮಹಾದೇವಿ ಟೀಚರ್, ನಿಮ್ಮ ಹೆಸರನ್ನು ಅವರಿಗೆ ಕೊಟ್ಟವನು ನಾನು. ಕಂಪ್ಯೂಟರ್ ಕೈಕೊಟ್ಟಿತೆಂದು ನಿಮಗೆ ಹೇಳಿದ್ದು ಸುಳ್ಳು.

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನನ್ನದೊಂದು ಸೈಬರ್ ಕೆಫೆ ಇತ್ತು. ನೀವು ಖಾನಾಪುರದಲ್ಲಿ ಶಾಲೆ ಬಿಟ್ಟೊಡನೆ ಬಸ್ಸು ಹಿಡಿದು ಬಂದಿರಿ. ಹೆಸರು ಗೊತ್ತಾಗದಂತೆ ಮೇಲಿನ ಅಧಿಕಾರಿಗೆ ಇ-ಮೇಲ್ ಕಳಿಸಬಹುದೇ ಎಂದು ಕೇಳಿದಿರಿ. ನಿಮ್ಮ ಶಾಲೆಯ ಹಾಸ್ಟೆಲಿನಲ್ಲಿ ಜ್ವರ ಬಂದ ಹುಡುಗಿಯರನ್ನು ದವಾಖಾನೆಗೂ ಒಯ್ಯದೆ, ಮನೆಗೂ ತಿಳಿಸದೆ ಮಲಗಿಸಿಬಿಡುತ್ತಿದ್ದರು.

ಪರದೇಶದ ಒಂದು ಕಂಪ್ಯೂಟರಿನ ಮೂಲಕ, ಪ್ರಾಕ್ಸಿ ಅನ್ನುತ್ತಾರೆ, ಪತ್ರ ಕಳಿಸಿದರೆ ಎಲ್ಲಿಂದ ಹೊರಟಿತೆಂಬುದು ಮರೆಯಾಗುತ್ತದೆ. ಆಗಷ್ಟೇ ಕಲಿತಿದ್ದೆ. “ಯಾರಿಗೂ ಗೊತ್ತಾಗೂದಿಲ್ರಿ ಟೀಚರ್, ನಾ ಅದೇನಿ,” ಎಂದೆ. ನೀವು ಹೇಳಿದಿರಿ, ನಾನೇ ಟೈಪ್ ಮಾಡಿದೆ.

ಹೇಗೋ ಆ ಪತ್ರದ ಪ್ರತಿ ಶಾಲೆಯ ಅಧ್ಯಕ್ಷರ ಕೈಸೇರಿತು. ಅವರ ಅಳಿಯ ಅದನ್ನು ಹಿಡಿದು ಕೆಫೆ ಕೆಫೆ ಸುತ್ತುತ್ತ ನನ್ನಲ್ಲಿಗೂ ಬಂದ. ತಿಳಿದವರಿಗೆ ತೋರಿಸಿದರೂ ಮೂಲ ಸಿಗಲಿಲ್ಲವೆಂದ. ನಾನು ಸುಮ್ಮನಿದ್ದಿದ್ದರೆ — ಜಂಬ, ಟೀಚರ್. ಬರೀ ಜಂಬ. “ಸಿಗೂದಿಲ್ರಿ. ಕಳಿಸಿಕೊಟ್ಟಾಂವ ನಾನ,” ಎಂದುಬಿಟ್ಟೆ.

ಅವನು ಮೇಜಿನ ಮೇಲಿದ್ದ ರಿಜಿಸ್ಟರ್ ಎಳೆದುಕೊಂಡ. ಬಂದವರೆಲ್ಲ ಹೆಸರು, ಊರು ಬರೆಯುತ್ತಿದ್ದ ಪುಸ್ತಕ ಅದು. ಕಿತ್ತುಕೊಳ್ಳಬಹುದಿತ್ತು... ಕಿತ್ತುಕೊಳ್ಳಲಿಲ್ಲ. ನಿಮ್ಮ ಹೆಸರಿನ ಮೇಲೆ ಬೆರಳಿಟ್ಟು, “ಇವರೇನ್ರಿ?” ಎಂದ. ನಾನು ತಲೆ ತಗ್ಗಿಸಿದೆ. ಅವನಿಗೆ ಅಷ್ಟೇ ಸಾಕಾಯಿತು.

ನಿಮ್ಮನ್ನು ಕೆಲಸದಿಂದ ತೆಗೆದರು. ಆ ಹುಡುಗಿಯರ ಪರ ಬಾಯಿಬಿಡುವವರು ಯಾರೂ ಉಳಿಯಲಿಲ್ಲ. ಅದೇ ಮಳೆಗಾಲದಲ್ಲಿ ಹಾಸ್ಟೆಲಿನಲ್ಲಿದ್ದ ಬೀಡಿ ಊರಿನ ಹುಡುಗಿಯೊಬ್ಬಳು ವಾರಗಟ್ಟಲೆ ಜ್ವರದಲ್ಲಿ ಮಲಗಿ ಎರಡೂ ಕಿವಿ ಕೇಳಿಸದಂತಾದಳು. ಅದನ್ನು ಹೇಳಿಕೊಳ್ಳಲು ನೀವು ಮತ್ತೆ ಬಂದಿರಿ. ನಿಮ್ಮ ಹೆಸರು ಹೇಗೆ ಹೊರಬಿತ್ತೆಂದು ಕೇಳಿದಿರಿ. ಆಗ, ಕಂಪ್ಯೂಟರ್ ಕೈಕೊಟ್ಟಿತೆಂಬ ಆ ಸುಳ್ಳು ಹೇಳಿದೆ. “ಹಂಗಾರ ತಪ್ಪು ನಂದ. ಹೆಸರು ಹಾಕೇ ಬರೀಬೇಕಿತ್ತು ನಾ. ಮಂದಿಯಾದ್ರೂ ಬೆನ್ನಿಗೆ ನಿಲ್ತಿದ್ರು,” ಎಂದು ಎದ್ದು ಹೋದಿರಿ.

ಈಗ ನನ್ನ ಮಗಳು ಮೊಬೈಲಿಗೆ ವಿಪಿಎನ್ ಹಾಕಿಕೊಂಡು, ಇದರಲ್ಲಿ ಏನು ಮಾಡಿದರೂ ಯಾರಿಗೂ ಕಾಣುವುದಿಲ್ಲ ಅನ್ನುತ್ತಾಳೆ. ಅದನ್ನು ನಡೆಸುವವನಿಗೆ ಕಾಣುತ್ತದಲ್ಲ ಮಗಳೇ — ಎಂದು ಹೇಳಹೋಗುತ್ತೇನೆ. ನಿನಗೆ ಹೇಗೆ ಗೊತ್ತು ಎಂದು ಕೇಳಿಯಾಳೆಂದು ಬಾಯಿ ಮುಚ್ಚುತ್ತೇನೆ.

ನೀವು ಇಲ್ಲೇ ಬೆಳಗಾವಿಯ ಶಹಾಪುರದಲ್ಲಿ ತಂಗಿಯ ಮನೆಯಲ್ಲಿದ್ದೀರಂತೆ. ನಾಳೆ ಬಂದು ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ. ನನ್ನ ಮುಖ ನೋಡಿ ನೀವು ಬಾಗಿಲು ಹಾಕಿಕೊಂಡರೆ ಕೆಳಗಿನ ಸಂದಿಯಿಂದ ಒಳಗೆ ಸರಿಸಿ ಬರುತ್ತೇನೆ. ತಪ್ಪು ನಿಮ್ಮದಾಗಿರಲಿಲ್ಲ, ಟೀಚರ್. ಇಷ್ಟು ವರ್ಷ ಅದನ್ನು ನಿಮ್ಮ ಮೇಲೆಯೇ ಬಿಟ್ಟಿದ್ದೆ.